ಕಾರ್ಡು ಹೋಯ್ತು, ಬೆರಳು ಅಲ್ಲೇ ಉಳೀತು

(2024ರ ಡಿಸೆಂಬರ್. ಲಂಡನ್ನಿನಿಂದ ಮೈಸೂರಿಗೆ ಫೋನು. ಬ್ರಿಟನ್ನಿನ ಗೃಹ ಇಲಾಖೆ ಕದ್ದು ಕೇಳಿಸಿಕೊಂಡರೆ ಅಡ್ಡಿಯಿಲ್ಲ.)

"ವೀಸಾ 2026ರವರೆಗೆ ಇದೆ ಅಂದ್ಯಲ್ಲೋ, ಅಲ್ಲಿರೋಕೆ ಕೊಟ್ಟ ಬೆರಳಚ್ಚಿನ ಕಾರ್ಡು ಈ 31ಕ್ಕೇ ಮುಗಿಯುತ್ತಂತೆ?"

"ಕಾರ್ಡು ಮುಗಿಯುತ್ತಮ್ಮ, ವೀಸಾ ಮುಗಿಯಲ್ಲ."

"2008ರ ಕೊನೇಲಿ ನಿನ್ನ ಸೋದರಮಾವ ಓದೋಕೆ ಇನ್ನೊಂದು ವರ್ಷ ಇರ್ತೀನಿ ಅಂದಿದ್ದಕ್ಕೆ ಹತ್ತೂ ಬೆರಳು ಒತ್ತಿಸಿಕೊಂಡು ಕೊಟ್ಟಿದ್ದು ಇದೇ ಕಾರ್ಡು. ಇದಿಲ್ಲದೆ ನೀನು ನೀನೇ ಅಲ್ಲ ಅಂದಿದ್ರಂತೆ!"

"ಈಗ ಎಲ್ಲಾ ಆನ್‌ಲೈನ್, ಇ-ವೀಸಾ. ಬಾಡಿಗೆ ಮನೆ ಬೇಕಂದ್ರೆ ಒಂದು ಕೋಡ್ ಕೊಡಬೇಕು. 90 ದಿನಕ್ಕೆ ಅದೂ ಹಳಸುತ್ತೆ."

"ನನ್ನ ಉಪ್ಪಿನಕಾಯಿನೇ ವರ್ಷ ಬಾಳುತ್ತಪ್ಪ. ಬೆರಳು?"

"ಅದು ಅವರ ಹತ್ರಾನೇ ಇದೆ."

"ವೆಬ್‌ಸೈಟು ತೆರೀದಿದ್ರೆ?"

"ನಾನು ಯಾರು ಅಂತ ನಿನಗೊಬ್ಬಳಿಗೇ ಗೊತ್ತಿರುತ್ತೆ."

"ಯಾವುದಕ್ಕೂ ನಂಗೂ ಆ ಕೋಡ್ ಕಳಿಸಿಬಿಡು."