ಯಾರೂ ಮುಟ್ಟಿಲ್ಲ

ಮರಳವಾಡಿ ಕಡೆ ಕಂಪ್ಯೂಟರ್ ಕೆಟ್ಟರೆ ಅದನ್ನು ಯಾರೂ ಮುಟ್ಟಿಲ್ಲ ಅಂತಲೇ ತಿಳಿಯಬೇಕು. "ನಾನೇನೂ ಮುಟ್ನಿಲ್ಲ ಕಣಪ್ಪ, ಅದ್ರ ಪಾಡಿಗೆ ಅದೇ ಹಿಂಗಾಗ್ಬುಡ್ತು" ಎಂಬ ಹೇಳಿಕೆ ಮೊದಲು ದಾಖಲಾಗುತ್ತದೆ. ಆಮೇಲೆ ಒಬ್ಬೊಬ್ಬರೇ ಸಾಕ್ಷಿಗಳು ಬರುತ್ತಾರೆ. ಮನೆಯಾಕೆ ಆ ರೂಮಿಗೇ ಕಾಲಿಟ್ಟಿಲ್ಲ. ಮಗ ಟ್ಯೂಷನ್ನಿಗೆ ಹೋಗಿದ್ದ. ಉಳಿದವರು ಅಜ್ಜಿ. ಅವರು ಬಾಗಿಲಲ್ಲೇ ನಿಂತು, "ನಂಗ್ಯಾಕಪ್ಪ ಆ ಸವಾಸ" ಎಂದು ಕೈತೊಳೆದುಕೊಳ್ಳುತ್ತಾರೆ. ಇಷ್ಟಾದರೂ ಪರದೆಯ ಮೇಲಿನ ಐಕಾನುಗಳೆಲ್ಲ ಮಾಯವಾಗಿರುತ್ತವೆ, ಕೀಬೋರ್ಡಿನ ಸಂದಿಯಲ್ಲಿ ಖಾರಾ ಮಂಡಕ್ಕಿ ಇರುತ್ತದೆ.

ನಾನು ಓದಿದ್ದು ಬಿ.ಕಾಂ. ಆ ಕಾಲದಲ್ಲಿ ಕನಕಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡಿದ್ದುಂಟು. ಅಷ್ಟಕ್ಕೇ ಊರಿನವರು ನನಗೆ ಕಂಪ್ಯೂಟರ್ ಡಾಕ್ಟರ್ ಪದವಿ ಕೊಟ್ಟುಬಿಟ್ಟರು. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ದೊಡ್ಡ ಸಂಬಳ ಎಣಿಸುವ ಹುಡುಗರು ಹಬ್ಬಕ್ಕೆ ಬಂದಾಗ, "ನಾನು ಸಾಫ್ಟ್‌ವೇರು, ಇದು ಹಾರ್ಡ್‌ವೇರು" ಅಂತ ನುಣುಚಿಕೊಳ್ಳುತ್ತಾರೆ. ಬಿ.ಕಾಂ.ನವನಿಗೆ ಆ ಸವಲತ್ತಿಲ್ಲ.

ನಮ್ಮ ಮನೆಗಳಿಗೆ ಕಂಪ್ಯೂಟರ್ ದಂಡಿಯಾಗಿ ಬಂದದ್ದು 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಮಕ್ಕಳ ಆನ್‌ಲೈನ್ ಪಾಠದ ನೆಪದಲ್ಲಿ. ಬಹುಪಾಲು ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಮಾಲು. ಯಾವುದೋ ಕಂಪನಿಯಲ್ಲಿ ಏಸಿ ಕೆಳಗೆ ಸುಖವಾಗಿದ್ದ ಆ ಪೆಟ್ಟಿಗೆಗಳು ಇಲ್ಲಿ ಬಂದು ಹುಳದ ಮನೆಯ ಪಕ್ಕದ ಕೋಣೆಯಲ್ಲಿ ಬಿದ್ದವು. ರೇಷ್ಮೆ ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸುತ್ತೇವಲ್ಲ, ಅದು ಹುಳದ ಮೇಲೆ ಅರ್ಧ, ಕಂಪ್ಯೂಟರಿನ ಫ್ಯಾನಿನ ಮೇಲೆ ಅರ್ಧ ಬೀಳುತ್ತದೆ. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ವಿಭೂತಿ ಬಳಿದ ಹಾಗೆ ಬೆಳ್ಳಗೆ. ಬ್ರಷ್ಷಿನಲ್ಲಿ ದೂಳು ಕೊಡವಿ, ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಕ್ಕೆಂದು ಸದ್ದು ಬರುವ ಹಾಗೆ ಮತ್ತೆ ಕೂರಿಸಿದರೆ ಪರದೆ ಬೆಳಗುತ್ತದೆ. ಬೇರೆ ವಿದ್ಯೆ ಏನೂ ಬೇಡ. ನೋಡುವವರಿಗೆ ಮಾತ್ರ ಪವಾಡ.

ಕಂಪ್ಯೂಟರಿನ ಈ ಕಾಯಿಲೆಗಳಿಗೊಂದು ಹಂಗಾಮೂ ಇದೆ. ರೇಷ್ಮೆ ಹುಳ ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಸುಮಾರು 25 ದಿನ. ನಾಲ್ಕನೇ ಜ್ವರ ಎದ್ದ ಹುಳ ರಾತ್ರಿ ಹಗಲೆನ್ನದೆ ಸೊಪ್ಪು ಕೇಳುತ್ತದೆ. ಆಗ ಕಂಪ್ಯೂಟರಿಗೆ ಬೆಂಕಿ ಬಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಹಣ್ಣಾದ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿ, ದುಡ್ಡು ಬಂತೋ ಇಲ್ಲವೋ ಎಂದು ನೋಡಲು ಕೂತಾಗಲೇ ಅದು ಕೆಟ್ಟಿರುವುದು ಗೊತ್ತಾಗುತ್ತದೆ. ನನ್ನ ಫೋನೂ ಆಗಲೇ ಬಡಿದುಕೊಳ್ಳುತ್ತದೆ.

ರಿಪೇರಿ ಸುಲಭ. ಕಷ್ಟವಿರುವುದು ಆಮೇಲೆ ಬರುವ ಒಂದು ಪ್ರಶ್ನೆಯಲ್ಲಿ: "ಅದ್ಯಾಕಪ್ಪ ಹಿಂಗಾಯ್ತು?" ಕೇಳುವವರು ಒಬ್ಬರಾದರೆ ಕಿವಿ ನಿಮಿರಿಸಿಕೊಂಡಿರುವವರು ಮನೆಮಂದಿಯೆಲ್ಲ. ಈ ಪ್ರಶ್ನೆಗೆ ನಿಜ ಹೇಳಿದರೆ ಒಂದು ಮನೆಯ ಒಂದು ವಾರದ ನೆಮ್ಮದಿ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾನೊಂದು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೇನೆ. "ವೋಲ್ಟೇಜು!" ವೋಲ್ಟೇಜಿಗೆ ಮಾನವಿಲ್ಲ, ಮರ್ಯಾದೆಯಿಲ್ಲ, ತವರುಮನೆಯಿಲ್ಲ. ಎಷ್ಟು ಆಪಾದನೆ ಹೊರಿಸಿದರೂ ಹೊರುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ಬಲ್ಬು ಕೆಂಪಗಾಗುವುದನ್ನು ಕಂಡ ಜನ ನಂಬಿಯೂ ನಂಬುತ್ತಾರೆ.

ನಮ್ಮ ಚಿಕ್ಕಪ್ಪನ ಕೇಸು ನೋಡಿ. ಬ್ಯಾಂಕಿನ ಜಾಲತಾಣ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ದುಡ್ಡನ್ನೆಲ್ಲ ಯಾರೋ ಹೊಡೆದುಕೊಂಡು ಹೋದರು ಅಂತ ಅವರು ಊಟ ಬಿಟ್ಟು ಕೂತಿದ್ದರು. ಪರದೆಯ ಮೂಲೆ ನೋಡಿದೆ. ಅವರ ಕಂಪ್ಯೂಟರಿನ ಪ್ರಕಾರ ಅವತ್ತು 2009ರ ಜನವರಿ ಒಂದು. ಜಾಲತಾಣಗಳಿಗೆ ಒಂದು ಪ್ರಮಾಣಪತ್ರ ಇರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದಕ್ಕೊಂದು ಅವಧಿ. 2009ರಲ್ಲಿ ಬದುಕುತ್ತಿರುವ ಯಂತ್ರ, ಮೊನ್ನೆ ಹುಟ್ಟಿದ ಪ್ರಮಾಣಪತ್ರವನ್ನು ಹೇಗೆ ಒಪ್ಪೀತು? ಮದರ್‌ಬೋರ್ಡಿನ ಮೇಲೆ ರೂಪಾಯಿ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್ 2032 ಅಂತ, ಮೂರು ವೋಲ್ಟಿನದು. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತಿತ್ತು. ಇಷ್ಟು ವಿವರಿಸಿದ ಮೇಲೆ ಚಿಕ್ಕಪ್ಪನ ಮುಖ ಅರಳಿತು. "2009 ಅಂದ್ರೆ ಹಾರೋಹಳ್ಳಿ ತಾವ ಆ ಸೈಟು ಈಗ್ಲೂ ತಗೋಬೋದೇನ್ಲಾ?" ಎಂದರು.

ಬ್ಯಾಟರಿ ಸತ್ತದ್ದೇಕೆ? ಹಳೆಯದು ಎಂಬುದೊಂದು ಕಾರಣ. ಸಿಡಿಲು ಬಡಿದೀತು ಅಂತ ಚಿಕ್ಕಮ್ಮ ದಿನಾ ರಾತ್ರಿ ಪ್ಲಗ್ಗು ಕೀಳುತ್ತಿದ್ದುದು ಇನ್ನೊಂದು. ಬೆಳಗಾಗುವವರೆಗೆ ಆ ಬಿಲ್ಲೆಯೇ ಗಡಿಯಾರದ ಹೊರೆ ಹೊರಬೇಕಿತ್ತು. ಚಿಕ್ಕಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಲೋಟ ಸ್ವಲ್ಪ ಅಲುಗುತ್ತಿತ್ತು. "ವೋಲ್ಟೇಜು ಚಿಕ್ಕಪ್ಪ" ಎಂದೆ. ಅವತ್ತು ನನಗೆ ಕಾಫಿಯ ಜೊತೆ ಚಕ್ಕುಲಿಯೂ ಬಂತು, ಹೊರಡುವಾಗ ಕೈಚೀಲ ತುಂಬ ಅವರೆಕಾಯಿಯೂ ಬಂತು.

ವೋಲ್ಟೇಜು ತಲುಪದ ಜಾಗವೂ ಒಂದೆರಡಿವೆ. ನಮ್ಮ ಭಾವ ಮಗಳ ಲಗ್ನಪತ್ರಿಕೆಯ ಮಾತನ್ನು ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿಸಿ ಮೈಸೂರಿನ ಬೀಗರಿಗೆ ಈಮೇಲ್ ಕಳಿಸಿದರು. ಅವರ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ. ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದವು. ಫಾಂಟು ಇಲ್ಲದ ಕಡೆ ಮನೆ ಮಾಲೀಕರೇ ಹೊರಗೆ ಬರುತ್ತಾರೆ. ಅಲ್ಲಿ "ಕನ್ನಡ" ಅಂತ ಬರೆದದ್ದು ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ನಡುವೆ ಬ್ರಿಟಿಷರ ಪೌಂಡ್ ಗುರುತು, ಆಮೇಲೊಂದು ಜರ್ಮನ್ ಅಕ್ಷರ ದಾಟಿ, ಕ್ಯೂನಲ್ಲಿ ಹೋಗಿ ನಿಲ್ಲುತ್ತದೆ. ಪೌಂಡ್ ಗುರುತು ಕಂಡ ಬೀಗರು ಫೋನ್ ಮಾಡಿ, ನಾವು ವರದಕ್ಷಿಣೆಯ ಮಾತೇ ಎತ್ತಿಲ್ಲವಲ್ಲ, ಇದೇನು ಫಾರಿನ್ ದುಡ್ಡಿನ ಲೆಕ್ಕ ಎಂದು ಕೇಳಿದರಂತೆ. ಯೂನಿಕೋಡಿಗೆ ಬದಲಾಯಿಸಿ ಕಳಿಸಿದೆ. ಅದರಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆ ಇದೆ. ಮದುವೆ ಸಾಂಗವಾಯಿತು.

ಇನ್ನೊಂದು, ಆನ್‌ಲೈನ್ ಅರ್ಜಿಯ ಜಿಲ್ಲೆಯ ಕಾಲಂ. ನಮ್ಮ ದೊಡ್ಡಪ್ಪನ ಮನೆ ಅಡಿಪಾಯ ಹಾಕಿದ ಜಾಗದಿಂದ ಒಂದಿಂಚೂ ಕದಲಿಲ್ಲ. ಆದರೆ ಅದು ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ರಾಮನಗರಕ್ಕೆ ಬಂತು, 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ನಡುವೆ ತಾಲ್ಲೂಕೂ ಕನಕಪುರದಿಂದ ಹಾರೋಹಳ್ಳಿಗೆ ಬದಲಾಯಿತು. ಅರ್ಜಿಯ ಪಟ್ಟಿಯಲ್ಲಿ ಒಂದು ಕಡೆ ಹೊಸ ಹೆಸರಿದ್ದರೆ ಇನ್ನೊಂದು ಕಡೆ ಹಳೆಯದು. "ನಾನು ಯಾವ ಜಿಲ್ಲೆಯೋನು ಅಂತ ಗೌರ್ಮೆಂಟ್‌ನೋರ‍್ನೇ ಕೇಳಿ ಹಾಕ್ಲಾ" ಎಂದು ದೊಡ್ಡಪ್ಪ ಎದ್ದು ಹೋದರು. ಇಲ್ಲಿ ನಿಜಕ್ಕೂ ಯಾರೂ ಏನೂ ಮುಟ್ಟಿರಲಿಲ್ಲ!

ಈಗೀಗ ನನ್ನ ಅಕ್ಕನ ಮಗಳು ಕೈಗೆ ಬಂದಿದ್ದಾಳೆ. ಕನಕಪುರದಲ್ಲಿ ಬಿಸಿಎ ಓದುತ್ತಾಳೆ, ವಿದ್ಯೆಯಲ್ಲಿ ನನಗಿಂತ ಹತ್ತುಪಾಲು ಮೇಲು. ಆದರೆ ನಾಲಿಗೆ ನೇರ. "ತಾತ, ಕ್ಯಾಪ್ಸ್ ಲಾಕ್ ನೀವೇ ಒತ್ತಿದೀರ, ಅದಕ್ಕೇ ಪಾಸ್‌ವರ್ಡ್ ತಗೊಳ್ತಿಲ್ಲ." "ಅತ್ತೆ, ಶಿಫ್ಟ್ ಐದು ಸಲ ಒತ್ತಿದ್ರೆ ಹಂಗೇ ಕುಂಯ್ ಅನ್ನೋದು, ಯಾಕೆ ಒತ್ತಿದ್ರಿ?" ಎಲ್ಲವೂ ನಿಜ. ಒಂದೇ ತಿಂಗಳಲ್ಲಿ ಅವಳನ್ನು ಕರೆಯುವವರು ನಿಂತುಹೋದರು. "ಮಾವ, ನೀನು ಸುಳ್ಳು ಹೇಳ್ತೀಯ, ಅದಕ್ಕೇ ನಿನ್ನ ಕರೀತಾರೆ" ಎಂದು ನನ್ನ ಮೇಲೆ ರೇಗಿದಳು.

ಹೌದು, ಹೇಳುತ್ತೇನೆ. ಯಾಕೆಂದು ಅವಳಿಗೆ ಗೊತ್ತಾದದ್ದು ನಮ್ಮ ನೆಂಟರೊಬ್ಬರ ವಿಷಯದಲ್ಲಿ. ಪರದೆಯೆಲ್ಲ ಕೆಂಪಾಗಿ, ಸೈರನ್ ಕೂಗಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಅಂತ ಬಂತು. ಅವರು ಕರೆ ಮಾಡಿದರು, ಆ ಕಡೆಯವನು ಹೇಳಿದ ಆ್ಯಪ್ ಹಾಕಿಕೊಂಡರು, ಕೊನೆಗೆ ಓಟಿಪಿಯನ್ನೂ ಓದಿ ಹೇಳಿದರು. ಗೂಡು ಮಾರಿದ ದುಡ್ಡು ಹೋಯಿತು. ಇಂಥದ್ದಾದಾಗ ತಕ್ಷಣ 1930ಕ್ಕೆ ಫೋನ್ ಮಾಡಿದರೆ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಉಂಟು, ತಡವಾದಷ್ಟೂ ಕೈತಪ್ಪುತ್ತದೆ. ಅವರು ಬಾಯಿಬಿಟ್ಟದ್ದು ಐದನೇ ದಿನ. ಹಿಂದೊಮ್ಮೆ ಪ್ರಿಂಟರಿನ ಸ್ವಿಚ್ಚೇ ಹಾಕದೆ ರಿಪೇರಿಯವನನ್ನು ಕರೆಸಿದ್ದಕ್ಕೆ ಮನೆಯವರೆಲ್ಲ ಸೇರಿ ನಕ್ಕಿದ್ದರಂತೆ. ಮತ್ತೆ ನಗುತ್ತಾರೆ ಅಂತ ಸುಮ್ಮನಿದ್ದರು.

ಕ್ಯಾಪ್ಸ್ ಲಾಕಿನ ವಿಷಯಕ್ಕೆ ಬೈಸಿಕೊಂಡವರು ಓಟಿಪಿಯ ವಿಷಯವನ್ನು ಯಾರ ಹತ್ತಿರವೂ ಆಡುವುದಿಲ್ಲ. ನನ್ನ ವೋಲ್ಟೇಜು ಇರುವುದು ಆ ಬಾಯಿ ಕಟ್ಟದಿರಲಿ ಅಂತ. ಓಟಿಪಿ ಹೇಳಿಬಿಟ್ಟವರಿಗೆ ಮಾತ್ರ ವೋಲ್ಟೇಜಿನ ಕಥೆ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಸಿ, ಪಕ್ಕದಲ್ಲೇ ಕೂತು ಫೋನ್ ಮಾಡಿಸುತ್ತೇನೆ.

ಹೋದ ಭಾನುವಾರ ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಬರಹವೆಲ್ಲ ಅಡ್ಡಡ್ಡ ತಿರುಗಿಕೊಂಡಿತ್ತು. ನಾನು ಊರಲ್ಲಿರಲಿಲ್ಲ, ಅಕ್ಕನ ಮಗಳೇ ಹೋಗಿದ್ದಳು. ಸಂಜೆ ಫೋನ್ ಮಾಡಿದಳು.

"ಸರಿಹೋಯ್ತು ಮಾವ. ಯಾಕಾಯ್ತು ಅಂದ್ರು, ವೋಲ್ಟೇಜು ಅಂದೆ."

"ಅದು ಬ್ಯಾಟರಿ ಮೇಲೆ ಓಡ್ತಿತ್ತಲ್ವೇನೇ?"

"ಹೂಂ. ಪ್ಲಗ್ಗೇ ಹಾಕಿರ್ಲಿಲ್ಲ. ತಾತ ಅದನ್ನೇ ಹೇಳಿದ್ರು, ನೋಡ್ದ ಮಗ, ಪ್ಲಗ್ಗು ಹಾಕ್ದಿದ್ರೂ ಬುಡಾಕಿಲ್ಲ ಆ ಹಾಳು ವೋಲ್ಟೇಜು ಅಂತ."