ಪುಕಟ್ ಬಸ್ಸು, ಡೀಸೆಲ್ ರೊಕ್ಕ

"ಘರಪಟ್ಟಿ, ನಳಪಟ್ಟಿ ಎರಡೂ ತುಂಬಿ ಬಂದೆ ನೋಡ್ರಿ" ಎಂದರು ಕಂಪೌಂಡಿನಾಚೆಯ ಕಾಕಾ, ಕಿಸೆ ಕತ್ತರಿಸಿಕೊಂಡವರ ಮುಖ ಮಾಡಿಕೊಂಡು. ಮನೆ ಬೀದರಿನಲ್ಲಿ, ಹೊಲ ಔರಾದ ತಾಲೂಕಿನಲ್ಲಿ. ಈ ಪಟ್ಟಿಗಳನ್ನು ಬಿಟ್ಟರೆ ಸರ್ಕಾರಕ್ಕೆ ತಾವು ನಯಾಪೈಸೆ ಕೊಡುವುದಿಲ್ಲ ಎಂಬುದು ಅವರ ಖಾತ್ರಿ. "ಹೊಲದ ಉತ್ಪನ್ನಕ್ಕ ಇನ್‌ಕಮ್ ಟ್ಯಾಕ್ಸೇ ಇಲ್ಲಲ್ರಿ!"

ಇದೇ ಕಾಕಾಗೆ ಮೂರು ರಾಜ್ಯಗಳ ಲೆಕ್ಕ ಬಾಯಿಪಾಠ. ಮಹಾರಾಷ್ಟ್ರದ ದೇಗಲೂರಿನ ಬೀಗರು ಬಂದರೆ ಗಾಡಿಯ ಟಾಕಿ ತುಂಬಿಸದೆ ಹೋಗುವುದಿಲ್ಲ, ಪೆಟ್ರೋಲು ನಮ್ಮ ಕಡೆ ಅಗ್ಗ. 2024ರ ಜೂನ್‌ನಲ್ಲಿ ಕರ್ನಾಟಕ ಮಾರಾಟ ತೆರಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚಾದಾಗಲೂ ಅಗ್ಗವೇ ಉಳಿಯಿತು. ಬಸ್ಸಿನ ಲೆಕ್ಕವೂ ಗೊತ್ತು: ಹೆಣ್ಣುಮಕ್ಕಳಿಗೆ ನಮ್ಮಲ್ಲಿ 2023ರ ಜೂನ್‌ನಿಂದ ಟಿಕೆಟ್ಟಿಗೆ ರೊಕ್ಕವಿಲ್ಲ, ತೆಲಂಗಾಣದಲ್ಲಿ ಅದೇ ಡಿಸೆಂಬರಿನಿಂದ, ಮಹಾರಾಷ್ಟ್ರದಲ್ಲಿ ಅರ್ಧ.

"ಸರ್ಕಾರ ಎಲ್ಲಾ ಪುಕಟ್ ಕೊಡ್ಲಕತ್ತದ" ಎಂದರು.

"ಪುಕಟ್ ಹೆಂಗ?" ಅವರ ಹೆಂಡತಿ ಕಾಕು ಒಳಗಿಂದಲೇ ಕೂಗಿದರು. "ಟ್ರ್ಯಾಕ್ಟರಿನ ಡೀಸೆಲ್‌ನಾಗ ಟ್ಯಾಕ್ಸ್ ಇಲ್ಲೇನು? ಮೊಬೈಲ್ ರೀಚಾರ್ಜಿಗಿ ನೂರಕ್ಕ 18 ಜಿಎಸ್‌ಟಿ ಯಾರು ತುಂಬ್ಯಾರ?"

ಕಾಕುಗೆ ಈ ಬುದ್ಧಿ ಬಂದದ್ದು ಡೆನ್ಮಾರ್ಕಿನ ಅಳಿಯನಿಂದ. ಅಲ್ಲಿ ಪಗಾರದ ದೊಡ್ಡ ಪಾಲು ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಾರೆ. ಅಂಗಡಿಯಲ್ಲಿ ಹಾಲು, ಬ್ರೆಡ್ಡಿನ ಮೇಲೂ ಶೇ. 25 ತೆರಿಗೆ. ದವಾಖಾನೆ, ಕಾಲೇಜಿಗೆ ಮಾತ್ರ ರೊಕ್ಕ ಕೇಳುವುದಿಲ್ಲ. ಜನ ಅದನ್ನು ಪುಕಟ್ ಅನ್ನುವುದಿಲ್ಲವಂತೆ, ನಾವೇ ತುಂಬಿದ್ದು ಅನ್ನುತ್ತಾರಂತೆ. ದುಬೈಗೆ ಹೋದ ಭಾಲ್ಕಿಯ ಹುಡುಗರದು ಬೇರೆ ಕಥೆ. ಪಗಾರಕ್ಕೆ ತೆರಿಗೆಯಿಲ್ಲ, ಮಕ್ಕಳ ಸ್ಕೂಲ್ ಫೀ ಕೇಳಿದಾಗ ಮಾತ್ರ ಊರು ನೆನಪಾಗುತ್ತದೆ.

ನಮಗೆ ಕೊಟ್ಟದ್ದು ಬೇರೆ, ಪಡೆದದ್ದು ಬೇರೆ ಅನಿಸುವುದಕ್ಕೆ ಹಳೆಯ ಕಾರಣವೂ ಇದೆ ಎಂದು ನನಗನ್ನಿಸುತ್ತದೆ. ನಿಜಾಮರ ಕಾಲದಲ್ಲಿ ಗಡಿ ದಾಟಿದ ಸಾಮಾನಿಗೆ ಕರೋಡಗಿರಿ ಸುಂಕ ತೆರಬೇಕು, ಆ ರೊಕ್ಕ ಹೈದರಾಬಾದಿಗೆ. ಸರ್ಕಾರದ ಶಾಲೆಯಲ್ಲಿ ಉರ್ದು, ಮಕ್ಕಳಿಗೆ ಕನ್ನಡ ಬೇಕೆಂದರೆ ಭಾಲ್ಕಿ ಹಿರೇಮಠ. ಆ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ರೊಕ್ಕ ತಿಂದದ್ದು ಸರ್ಕಾರ, ಅಕ್ಷರ ಕೊಟ್ಟದ್ದು ಮಠ. ತೆರಿಗೆಗೂ ಶಾಲೆಗೂ ಸಂಬಂಧವಿದೆ ಎಂದು ನಮ್ಮ ಅಜ್ಜಂದಿರು ಯಾಕೆ ನಂಬಬೇಕಿತ್ತು?

ಕಾಕಾನ ತಲೆಯಲ್ಲಿ ಇದಾವುದೂ ಇರಲಿಲ್ಲ. ಡೀಸೆಲ್‌ನಲ್ಲೇ ಸಿಕ್ಕಿಕೊಂಡಿದ್ದರು. "ಹಂಗಾರ ಇಕಿ ತಿಂಗಳಿಗಿ ಎರಡು ಸಲ ತವರಿಗಿ ಬಸ್ಸಿನಾಗ ಹೋಗೋದು ನನ್ನ ಡೀಸೆಲ್ ರೊಕ್ಕದಾಗ?"

"ನನ್ನ ಸಬಕಾರದ ರೊಕ್ಕದಾಗ ಭೀ" ಎಂದರು ಕಾಕು.