ನೋಡೋಣ ಮಾವ

ಕೊಡಗಿನ ಗೋಣಿಕೊಪ್ಪಕ್ಕೆ ಹೋಗಿ, ನಾಪೋಕ್ಲಿಗೆ ಹೋಗಿ, ಸಂತೆ ದಿನ ಜೀಪಿಗೆ ಒರಗಿಕೊಂಡು ನಿಂತ ಒಬ್ಬ ನೋಡೋಣ ಮಾವ ಸಿಕ್ಕೇ ಸಿಗುತ್ತಾರೆ. ಹತ್ತು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು, ತಲೆಗೊಂದು ಹ್ಯಾಟು. ಕಾಫಿ ಮಾರಿದ್ರಾ ಎಂದರೆ "ನೋಡೋಣ". ಮಗಳಿಗೆ ಗಂಡು ಗೊತ್ತಾಯ್ತಾ ಎಂದರೆ "ನೋಡೋಣ". ಊಟ ಆಯ್ತಾ ಎಂದಾಗಲೂ ಒಮ್ಮೆ ಹಾಗೇ ಅಂದರಂತೆ. ಇದನ್ನು ಮಾತ್ರ ನಾನು ಪೂರ್ತಿ ನಂಬಿಲ್ಲ.

ಹಾಗಂತ ಅಡ್ಡಗೋಡೆ ಮೇಲೆ ದೀಪ ಇಡುವ ಸ್ವಭಾವ ಅಂದುಕೊಳ್ಳಬೇಡಿ. "ನಿನ್ನೆ ಮಳೆ ಎಷ್ಟು ಮಾವ?" ಎಂದು ಕೇಳಿ ನೋಡಿ. "ಒಂದಿಂಚು ಇಪ್ಪತ್ತೆರಡು ಸೆಂಟು." ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಡೈರಿಯಲ್ಲಿ ಬರೆದ ಮೇಲೆಯೇ ಅವರಿಗೆ ಕಾಫಿ. ಆಕಾಶದ ಲೆಕ್ಕ ಅಷ್ಟು ಕರಾರುವಾಕ್ಕು. ತಮ್ಮ ಲೆಕ್ಕ ಮಾತ್ರ ನೋಡೋಣ.

ಇಂಥವರ ಮುಂದೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ಸೋದರಳಿಯ ತನ್ನ ಮದುವೆಗೆಂದು ಮೊಬೈಲಿನಲ್ಲಿ ಒಂದು ಫಾರಂ ಹಿಡಿದ. ಪ್ರಶ್ನೆ ಒಂದೇ: ಬರ್ತೀರಾ? ಪಂದಿಕರಿಗೆ ಮಾಂಸ ಎಷ್ಟು ಕೆ.ಜಿ. ಎಂದು ಅಡುಗೆಯವರಿಗೆ ಹೇಳಬೇಕಲ್ಲ. ಉತ್ತರ ಬರೆಯಲು ಖಾಲಿ ಜಾಗ ಬಿಟ್ಟಿದ್ದ. ಎಡವಿದ್ದು ಅಲ್ಲೇ.

ಮೊದಲ ಲೆಕ್ಕದಲ್ಲಿ ಊರಿಗೆ ಊರೇ ಬರುತ್ತಿತ್ತು! ಅವನು ಎಣಿಕೆಗೆ ಬಳಸಿದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಏನೂ ಬರೆಯದೆ ಬಿಟ್ಟರೆ ಮಾತ್ರ ಸುಳ್ಳು, ಒಂದಕ್ಷರ ಬರೆದರೂ ಅದು ನಿಜ. "ಬರಲ್ಲ" ಎಂದವರಿಗೂ ಊಟ ಲೆಕ್ಕ ಹಾಕಿಬಿಟ್ಟಿತ್ತು. ಸರಿ, "ಹೌದು" ಎಂದವರನ್ನಷ್ಟೇ ಸೇರಿಸು ಎಂದು ತಿದ್ದಿದ. ಅರ್ಧ ನೆಂಟರು ಮಾಯ. ಕೆಲವರು ಹೌದು ಎಂದು ಬರೆದ ಮೇಲೆ ಸುಮ್ಮನೆ ಒಂದು ಸ್ಪೇಸ್ ಒತ್ತಿದ್ದರು, ಕೆಲವರು "ಹೌದಪ್ಪಾ" ಅಂದಿದ್ದರು, ಹುಡುಗರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ತೋಚಿದ ಹಾಗೆ ಗೀಚಿದ್ದರು. ಹಿಂದುಮುಂದಿನ ಖಾಲಿ ಜಾಗ ಕತ್ತರಿಸಿ, "ಹೂಂ" ಎಲ್ಲಿ ಕಂಡರೂ ಒಪ್ಪಿಕೋ ಎಂದ. "ಊಹೂಂ" ಎಂದವರೆಲ್ಲ ಒಳಗೆ ಬಂದರು. "ಇಲ್ಲ" ಇದ್ದರೆ ತೆಗೆದುಹಾಕು ಎಂದ. "ಹೂಂ, ಇಲ್ಲ ಅನ್ನೋಕಾಗುತ್ತಾ ಮಗಾ?" ಎಂದು ಬರೆದಿದ್ದ ಸ್ವಂತ ದೊಡ್ಡಮ್ಮ ಹೊರಗೆ ಹೋದರು.

ನೋಡೋಣ ಮಾವ ಬರೆದದ್ದು ಇಷ್ಟು: "ಹೂಮಳೆ ಬಂದ್ರೆ ಬಂದ್ವಿ. ಇಲ್ಲಾಂದ್ರೆ ಸ್ಪ್ರಿಂಕ್ಲರ್ ಕೆಲಸ. ದಾರೀಲಿ ಆನೆ ನಿಂತಿರಬಾರ್ದು. ನೋಡೋಣ."

ಅಳಿಯ ಫೋನು ಮಾಡಿದ. "ಮಾವ, ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿಬಿಡಿ."

"ಈಗ್ಲೇ ಯಾವ್ದು ಹೇಳಿದ್ರೂ ಸುಳ್ಳಾಗುತ್ತಲ್ಲ ಮಗಾ."

ನನ್ನ ಓಟು ಮಾವನಿಗೇ. ಮಾರ್ಚಿನಲ್ಲಿ ರೊಬಸ್ಟಾ ಕಾಫಿಯ ಮೊಗ್ಗಿಗೆ ಆ ಹೂಮಳೆ ಬೀಳದಿದ್ದರೆ ಹಗಲೂ ರಾತ್ರಿ ಪಂಪು ಓಡಿಸಬೇಕು. ವರ್ಷದ ಫಸಲು ನಿಂತಿರುವುದು ಆ ನೀರಿನ ಮೇಲೆ. ಡೇಟಾಬೇಸಿನಲ್ಲಿ ಇಂಥ ಉತ್ತರಕ್ಕೆಂದೇ 'ನಲ್' ಎಂಬುದೊಂದಿದೆ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ; ಅದನ್ನು ಇಲ್ಲ ಎಂದು ಓದಿಕೊಂಡರೆ ತಪ್ಪು ಓದಿದವನದು.

ಅಳಿಯನ ಪ್ರೋಗ್ರಾಮಿನ ಹಾಗೆ ನಿಜ, ಸುಳ್ಳು ಎರಡನ್ನೇ ಇಟ್ಟುಕೊಂಡು ಬೀಜಗಣಿತ ಕಟ್ಟಿ 1854ರಲ್ಲಿ ದೊಡ್ಡ ಪುಸ್ತಕ ಬರೆದ ಜಾರ್ಜ್ ಬೂಲ್ ಐರ್ಲೆಂಡಿನ ಕಾರ್ಕ್‌ನಲ್ಲಿ ಮೇಷ್ಟರಾಗಿದ್ದವರು. 1864ರಲ್ಲಿ ಒಂದು ದಿನ ಸುರಿಯುವ ಮಳೆಯಲ್ಲೇ ಕಾಲೇಜಿಗೆ ನಡೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಜ್ವರ ಹಿಡಿದು ತೀರಿಕೊಂಡರು. ನಮ್ಮ ಮಾವ ಆಗಿದ್ದರೆ "ಮಳೆ ಬಿಡ್ಲಿ, ನೋಡೋಣ" ಎಂದು ಇನ್ನೊಂದು ಲೋಟ ಕಾಫಿ ಹಾಕಿಸಿಕೊಳ್ಳುತ್ತಿದ್ದರು.

ಕೊಡಗಿನಲ್ಲಿ ಮದುವೆ ಇಟ್ಟುಕೊಂಡವರೇ, ಫಾರಂ ಮಾಡುವುದಾದರೆ ಬರೆಯುವ ಜಾಗ ಬಿಡಬೇಡಿ, ಮೂರು ಬಟನ್ ಇಡಿ: ಹೌದು, ಇಲ್ಲ, ನೋಡೋಣ. ಮೂರನೆಯದನ್ನು ಒತ್ತಿದವರಿಗೆ ಹಿಂದಿನ ದಿನ ಸಂಜೆ ಫೋನು ಮಾಡಿ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಆರು ಜನರ ಊಟ ಹೆಚ್ಚಿಗೆ ಹೇಳಿ. ಮಾವ ಬಂದರೆ ಜೀಪು ಭರ್ತಿ ಮಾಡಿಕೊಂಡೇ ಬರುತ್ತಾರೆ.